ಸಾಹುಕಾರನ ಹೆಂಡತಿಯ ಲೋಟ

ನೋಡಿ, ಇಂದಿನ ಪ್ರವಚನಕ್ಕೆ ಒಂದು ಕಥೆ. ಬಯಲುಸೀಮೆಯ ಒಂದು ಪೇಟೆ. ಅಲ್ಲೊಬ್ಬ ಜವಳಿ ಅಂಗಡಿಯ ಸಾಹುಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಸೀರೆ ನೋಡುವ ನೆಪದಲ್ಲಿ ಅವನ ಅಂಗಡಿಗೆ ಹೋಗುತ್ತೀರಿ, ನಿಮ್ಮನ್ನು ನಾನು ಬಲ್ಲೆ.

ಅವನೂ ಮೂವರು ಗೆಳೆಯರೂ ಅವರ ಹೆಂಡಿರೂ ಸೇರಿ ನಾಲ್ಕು ಜೋಡಿ, ಎಲ್ಲರೂ ನಲವತ್ತು ದಾಟಿದವರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅವನ ಮನೆಯಲ್ಲಿ ಕೂಡುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಒಪ್ಪಿಯೇ, ಒಬ್ಬರ ಜೊತೆಗಾರರು ಇನ್ನೊಬ್ಬರ ಜೊತೆ ಇರುತ್ತಿದ್ದರು. ಹಾಂ, ಹಿಂದೆ ಕುಳಿತ ಅಜ್ಜಿ ಕಿವಿ ಮುಚ್ಚಿಕೊಂಡರು. ಮುಚ್ಚಬೇಡಿ ತಾಯಿ, ಮುಂದೆ ನಿಮ್ಮ ಮನೆಯ ಮಾತೇ ಬರುತ್ತದೆ.

ಅವರಲ್ಲಿ ಒಂದು ಕಟ್ಟಳೆ ಇತ್ತು. ಊಟವಾದ ಮೇಲೆ ಚಹಾಕ್ಕೆ ಎಂಟು ಲೋಟ. ಆ ದಿನ ಬೇರೊಬ್ಬರ ಜೊತೆ ಇರಲು ಮನಸ್ಸಿದ್ದವರು ತಮ್ಮ ಲೋಟ ನೆಟ್ಟಗಿಡಬೇಕು, ಇಲ್ಲದವರು ಬೋರಲು ಹಾಕಬೇಕು. ಯಾಕೆಂದು ಯಾರೂ ಕೇಳುವ ಹಾಗಿಲ್ಲ. ಸಾಹುಕಾರನಿಗೆ ಇದರದೇ ಹೆಮ್ಮೆ. "ನಮ್ಮೊಳಗ ಕದ್ದು ಮುಚ್ಚಿ ಏನೂ ಇಲ್ರಿ. ಕೇಳದೆ ಯಾರ ಕೈನೂ ಮುಟ್ಟಂಗಿಲ್ಲ" ಎನ್ನುತ್ತಿದ್ದ.

ಒಂದು ಭಾನುವಾರ ಅವನ ಹೆಂಡತಿಯೇ ಲೋಟ ಬೋರಲು ಹಾಕಿದಳು. ಮೂರು ವರ್ಷದಲ್ಲಿ ಮೊದಲ ಸಲ. ಸಾಹುಕಾರ ಏನು ಮಾಡಿದ? ನಕ್ಕ. "ಏ, ಮರತು ಇಟ್ಟಾಳ" ಎಂದು ತಾನೇ ಆ ಲೋಟವನ್ನು ನೆಟ್ಟಗಿಟ್ಟು ಚಹಾ ಸುರಿದ. ಬಂದವರ ಮುಂದೆ ಅವನ ಮಾನ ಹೋಗಬಾರದಲ್ಲ.

ಆಕೆ ಒಂದು ಗಳಿಗೆ ಲೋಟವನ್ನೇ ನೋಡಿದಳು. ಅಂದು ಸುಮ್ಮನಿದ್ದಿದ್ದರೆ ಅವಳ 'ಒಲ್ಲೆ' ಅಲ್ಲಿಗೇ ಮುಗಿಯುತ್ತಿತ್ತು, ಅವಳಿಗೂ ಗೊತ್ತಿತ್ತು. ಎದ್ದಳು, ಚಹಾವನ್ನು ಬಚ್ಚಲಿಗೆ ಚೆಲ್ಲಿ ಬಂದಳು, ಮತ್ತೆ ಬೋರಲು ಹಾಕಿದಳು.

"ಮರತಿಲ್ಲರಿ. ಇಷ್ಟ ದಿನ ಹೂಂ ಅಂದಾಕಿ ನಾನು. ಇವತ್ತ ಒಲ್ಲೆ ಅನ್ನಾಕಿನೂ ನಾನ."

ಪಕ್ಕದಲ್ಲಿದ್ದ ಗೆಳೆಯ ತನ್ನ ಲೋಟವನ್ನೂ ಬೋರಲು ಹಾಕಿದ. "ವೈನಿ ಹೇಳಿದ ಮ್ಯಾಲ ಮುಗೀತು ಅಣ್ಣಾ." ಒಂದೊಂದಾಗಿ ಏಳು ಲೋಟ ಬೋರಲಾದವು. ಉಳಿದದ್ದು ಎಂಟನೆಯದು, ಸಾಹುಕಾರನದು. ಕೊನೆಗೆ ಅವನು ಅದನ್ನೂ ಬೋರಲು ಹಾಕಿ, "ತಪ್ಪಾತು" ಎಂದ. ಹೆಂಡತಿಗೆ ಹೇಳಿದ, ಎಲ್ಲರೆದುರು ಹೇಳಿದ.

ಆ ಹೆಣ್ಣುಮಗಳ ಬಗ್ಗೆ ನನಗೆ ಹೆಮ್ಮೆ. ಈ ಪೀಠದ ಮೇಲೆ ಕುಳಿತೇ ಹೇಳುತ್ತೇನೆ, ಬಲು ಹೆಮ್ಮೆ.

ಅವರಂತೆ ಬದುಕಿ ಎನ್ನಲು ನಾನು ಬಂದಿಲ್ಲ. ನೀವು ಒಬ್ಬಳನ್ನೇ ಕಟ್ಟಿಕೊಂಡು ಬಾಳುವವರು, ಸಂತೋಷ. ಆದರೆ ಬೋರಲು ಹಾಕಲು ನಿಮ್ಮಾಕೆಗೆ ಒಂದು ಲೋಟವಾದರೂ ಇದೆಯೇ? ತಾಳಿ ಕಟ್ಟುವಾಗ ಆಕೆ ತಲೆ ತಗ್ಗಿಸಿದ್ದನ್ನೇ ಇಪ್ಪತ್ತು ವರ್ಷದ ಒಪ್ಪಿಗೆ ಅಂದುಕೊಂಡಿದ್ದೀರಲ್ಲ, ನಡುವೆ ಒಮ್ಮೆಯಾದರೂ ಕೇಳಿದ್ದೀರಾ? ನೆಂಟರ ಮುಂದೆ "ಅಕಿದೇನೈತ್ರಿ, ನಾ ಅಂದಂಗ" ಎನ್ನುತ್ತೀರಲ್ಲ, ಅದೂ ಅವಳ ಲೋಟಕ್ಕೆ ಕೈ ಹಾಕಿದಂತೆಯೇ.

ಇಂದು ಮನೆಗೆ ಹೋಗಿ ಕೇಳಿ. ಹಾಸಿಗೆಯ ಮಾತಿರಲಿ, ಹಬ್ಬಕ್ಕೆ ಯಾರ ಮನೆಗೆ ಹೋಗುವುದೆಂಬ ಮಾತಿರಲಿ, ಕೇಳಿ. ಒಲ್ಲೆ ಎಂದರೆ ಯಾಕೆ ಎನ್ನಬೇಡಿ. ಮುಖ ಊದಿಸಿಕೊಂಡು ಊಟ ಬಿಡಬೇಡಿ. ತಾಯಂದಿರೇ, ನಿಮಗೂ ಇದೇ ಮಾತು, ಗಂಡಸಿಗೂ ಮನಸ್ಸಿಲ್ಲದ ದಿನ ಇರುತ್ತದೆ.

ಆ ಸಾಹುಕಾರ ಈಗ ಚಹಾದ ಕೆಟಲ್ ಎತ್ತಿದರೆ ಮೊದಲು ಹೆಂಡತಿಯ ಲೋಟದ ಕಡೆ ನೋಡುತ್ತಾನಂತೆ. ನೀವೂ ನೋಡಿ.