ದಡದ ಮೇಲಿನ ಮಂಜು

ಪಾಸ್‌ಪೋರ್ಟ್ ಫೋಟೊ ತೆಗೆಸಲು ಸ್ಟುಡಿಯೊದ ಬೆಂಚಿನಲ್ಲಿ ಕಾಯುತ್ತಿದ್ದ ನರ್ಸಮ್ಮನಿಗೆ ಪಕ್ಕದವರ ಮಾತು ಕೇಳುವ ಇರಾದೆಯೇನೂ ಇರಲಿಲ್ಲ. ಆದರೆ ಕಿವಿಗೇನು ಬಾಗಿಲಿದೆಯೇ? ಅಕ್ಕ, ತಮ್ಮ, ಇಬ್ಬರ ತಲೆಯೂ ನರೆತಿತ್ತು. ತಮ್ಮನ ತೊಡೆಯ ಮೇಲೆ ಫೋಟೊಗಳ ರಾಶಿ.

“ಬರೀ ಕೆರೆ, ಗುಡ್ಡ, ಎಲ್ಲಾ ನೀಲಿ. ಅವಳು ತೀರ್ಕೊಂಡು ತಿಂಗಳಾಯ್ತು. ಗೋಡೆಗೆ ಹಾಕೋಕೆ ಮದುವೇದು ಬಿಟ್ರೆ ಇನ್ನೊಂದು ಫೋಟೊ ಇಲ್ವೇನೋ?”

“ಆ ನೀಲಿ ಬೆಳಕು, ಸೂರ್ಯ ಹುಟ್ಟೋಕೆ ಮುಂಚೆ ಒಂದರ್ಧ ಗಂಟೆ ಸಿಗೋದು ಅಕ್ಕ. ಅವಳ ಕಡೆ ತಿರುಗೋಕೆ ಪುರುಸೊತ್ತೆಲ್ಲಿತ್ತು?”

“ಇಪ್ಪತ್ತು ವರ್ಷ ಚಳೀಲಿ ನಿನ್ನ ಹಿಂದೆ ಟಾರ್ಚ್ ಹಿಡ್ಕೊಂಡು ನಿಂತಿದ್ಲಲ್ಲೋ, ಪುಣ್ಯಾತ್ಮ!”

“ಒಂದರಲ್ಲಿ ಇದಾಳೆ. ನೋಡು, ದಡದ ಮೇಲೆ.”

“ಇದು ಮಂಜಲ್ವೇನೋ?”

“ಅವಳೇ. ಬೆಳಕು ಸಾಲದು ಅಂತ ಮೂವತ್ತು ಸೆಕೆಂಡು ಕ್ಯಾಮೆರಾ ತೆರೆದಿಟ್ಟಿದ್ದೆ. ಅಲ್ಲಿ ಹೋಗಿ ನನ್ನ ಕಡೆ ತಿರುಗಿ ನಿಂತ್ಲು. ‘ಅಡ್ಡ ಬರ್ಬೇಡ, ಆಚೆ ಹೋಗು’ ಅಂತ ಗದರಿದೆ. ಓಡಿಹೋದ್ಲು.”

“ಅದಕ್ಕೇ ಹೀಗೆ ಬಂದಿದಾಳಾ?”

“ಹೂಂ. ಆ ಮೂವತ್ತು ಸೆಕೆಂಡು ಅಲ್ಲಾಡದೆ ನಿಲ್ಲೋಕೆ ಬಿಟ್ಟಿದ್ರೆ ಮುಖ ಬರ್ತಿತ್ತು.”

ಇಬ್ಬರೂ ಎದ್ದು ಕೌಂಟರಿಗೆ ಹೋದರು. ಸ್ಟುಡಿಯೊದವನು ಆ ಫೋಟೊ ತೆಗೆದುಕೊಂಡು, “ಚೆನ್ನಾಗಿದೆ ಸಾರ್. ದಡದ ಮೇಲೆ ಏನೋ ಕಲೆ ಇದೆ, ಅಳಿಸಿಬಿಡ್ತೀನಿ,” ಎಂದ.

“ಬೇಡಪ್ಪಾ, ಅದು ನನ್ನ ಹೆಂಡತಿ. ಎಷ್ಟು ದೊಡ್ಡದಾಗುತ್ತೋ ಅಷ್ಟು ದೊಡ್ಡದು ಮಾಡಿಕೊಡು.”

ಅಕ್ಕ ತಮ್ಮನ ತೋಳು ಹಿಡಿದು ಮೆಟ್ಟಿಲಿಳಿಸಿದಳು.

“ಬನ್ನಿ ಅಮ್ಮಾ, ಅಲ್ಲಾಡದೆ ಕೂತ್ಕೊಳ್ಳಿ,” ಎಂದ ಸ್ಟುಡಿಯೊದವನು. ನರ್ಸಮ್ಮ ಉಸಿರು ಬಿಗಿಹಿಡಿದು ಕೂತರು.