ಸೇತುವೆಯ ನಡುಗೆರೆ

ಶರಣು ಬಂಧುಗಳೇ, ಮೊದಲೇ ಕ್ಷಮೆ ಕೇಳುತ್ತೇನೆ. ಸಂಜೆ ಕಾಲೇಜಿನಲ್ಲಿ ಅಷ್ಟಿಷ್ಟು ಓದಿದವನು ನಾನು. ಈ ಪೀಠದಲ್ಲಿ ಕೂತು ಚಿತ್ರಕಥೆಯ ಪುಸ್ತಕದ ಮಾತು ಎತ್ತಬಹುದೋ ಇಲ್ಲವೋ ಎಂದು ಮೂರು ದಿನ ಯೋಚಿಸಿದೆ. ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತ ಓದಿದ್ದು. ತಪ್ಪಾದರೆ ತಿದ್ದಿ.

ಒಂದು ಪಟ್ಟಣದಲ್ಲಿ ಸರಕಾರದ ಎರಡು ಇಲಾಖೆಗಳಿದ್ದವು. ಹೊಳೆಯ ಈ ದಡ ಒಂದರದು, ಆ ದಡ ಇನ್ನೊಂದರದು. ಎರಡಕ್ಕೂ ಒಬ್ಬೊಬ್ಬ ಮಹಾವೀರ. ಒಬ್ಬ ಹಾರುತ್ತಾನೆ, ಇನ್ನೊಬ್ಬ ಬೆಟ್ಟ ಎತ್ತುತ್ತಾನೆ. ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಇದನ್ನು ತಿಳಿದ ಒಬ್ಬ ಉಕ್ಕಿನ ದೈತ್ಯ ಎಲ್ಲಿ ಬಂದು ನಿಂತ ಗೊತ್ತೆ? ಹೊಳೆಯ ಸೇತುವೆಯ ಮೇಲೆ, ಎರಡೂ ಹದ್ದು ಕೂಡುವ ನಡುಗೆರೆಗೆ ಸರಿಯಾಗಿ. ನಿಂತು ಕಲ್ಲು ಕೀಳತೊಡಗಿದ. ಪಕ್ಕದಲ್ಲೇ ಜನ ತುಂಬಿದ ಬಸ್ಸು.

"ಅವನ ತಲೆ ನಿಮ್ಮ ಕಡೆಗಿದೆ, ನೀವೇ ಹೊಡೆಯಿರಿ" ಎಂದ ಒಬ್ಬ ವೀರ.

"ಕಾಲು ನಿಮ್ಮ ಕಡೆಗಿದೆಯಲ್ಲ ಸ್ವಾಮಿ! ಮೇಲಿನಿಂದ ಪತ್ರ ಬರಲಿ" ಎಂದ ಇನ್ನೊಬ್ಬ.

ಬಸ್ಸಿನ ಕಂಡಕ್ಟರ್ ಹೆಣ್ಣುಮಗಳು ಕಿಟಕಿಯಿಂದ ಕೂಗಿದಳು: "ಅಣ್ಣಂದಿರಾ, ನಾವು ಯಾರ ಹದ್ದಿಗೆ ಬಿದ್ದೆವು ಅಂತ ಆಮೇಲೆ ಅಳೀರಿ! ಈಗ ಬಸ್ ಹಿಡ್ಕೊಳ್ರಿ!"

ನೋಡಿ, ಆಗ ಇಬ್ಬರಿಗೂ ನಾಚಿಕೆಯಾಯಿತು. ಒಬ್ಬ ಬಸ್ಸು ಹಿಡಿದ, ಒಬ್ಬ ದೈತ್ಯನನ್ನು ಹಿಡಿದ. ಎಲ್ಲ ಮುಗಿಯಲು ಎರಡೇ ಪುಟ ಸಾಕಾಯಿತು.

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಅಂಗಡಿಯಿಂದ ಎದ್ದು ಬರುವಾಗ ನಗು ನಿಂತಿತು.

ಈ ಪ್ರಾರ್ಥನಾ ಮಂದಿರದಿಂದ ದಾಸೋಹದ ಮನೆಗೆ ಇಳಿಯಲು ಐದು ಮೆಟ್ಟಿಲು. ಮೇಲಿನೆರಡು ಭಜನಾ ಸಂಘದ್ದು, ಕೆಳಗಿನೆರಡು ದಾಸೋಹ ಸಮಿತಿಯದು. ನಡುವಿನದು? ಅದರ ಕಲ್ಲು ಅಲುಗಿ ಎಂಟು ತಿಂಗಳಾಯಿತು. ದಾಸೋಹಕ್ಕೆ ಅನ್ನ ಹೊರುವ ಗುರುಸಿದ್ದಮ್ಮನವರು ನನಗೆ ಮೂರು ಸಲ ಹೇಳಿದರು. "ಯಾರ ಕೆಲಸ ಅಂತ ಕೇಳಿ ಹೇಳ್ತೀನಿ ತಾಯಿ" ಎಂದೆ.

"ಅಯ್ಯನವರೇ, ನೀವು ಕೇಳಿ ಹೇಳೋದ್ರೊಳಗೆ ನನ್ನ ಮೊಣಕಾಲೇ ಹೇಳಿಬಿಡ್ತದೆ" ಎಂದು ಆಕೆ ನಕ್ಕರು.

ಹೋದ ಸೋಮವಾರ ಅನ್ನದ ಪಾತ್ರೆ ಹಿಡಿದು ಆ ಮೆಟ್ಟಿಲಲ್ಲೇ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆ ಎಂಟು ತಿಂಗಳೂ ಅದೇ ಕಲ್ಲನ್ನು ನಾನು ದಾಟಿ ದಾಟಿ ಬಂದು, ಇಲ್ಲಿ ಕೂತು ನಿಮಗೆ ದಯೆಯ ಬಗ್ಗೆ ಹೇಳಿದೆ. ಕಲ್ಲು ಎಲ್ಲಿ ಅಲುಗುತ್ತದೆ ಎಂದು ನನ್ನ ಕಾಲಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಕಾಲಿಗೂ ಗೊತ್ತಿತ್ತಲ್ಲವೆ?

ಎರಡೂ ಸಂಘದ ಅಧ್ಯಕ್ಷರು ಎದುರಿಗೇ ಇದ್ದೀರಿ. ಮಂಗಳಾರತಿ ಆದಮೇಲೆ ಊಟಕ್ಕೆ ಹೋಗಬೇಡಿ. ಸಿಮೆಂಟು ತಂದಿಟ್ಟಿದ್ದೇನೆ. ಒಬ್ಬರು ಕಲ್ಲು ಎತ್ತಿ, ಒಬ್ಬರು ಮಟ್ಟ ಹಿಡಿಯಿರಿ, ನಾನು ಮರಳು ಕಲಸುತ್ತೇನೆ. ಉಳಿದವರು ಮನೆಗೆ ಹೋಗುವಾಗ ಓಣಿಯ ನಲ್ಲಿ ಸುರಿಯುತ್ತಿದ್ದರೆ ಮೊದಲು ತಿರುಗಿಸಿ ನಿಲ್ಲಿಸಿ. ಯಾರದು ಎಂದು ಆಮೇಲೆ ಕೇಳಿ.

ಆಸ್ಪತ್ರೆಗೆ ಹೋಗಿದ್ದೆ. ಆಕೆ ನನ್ನನ್ನು ಬೈಯಲಿಲ್ಲ. "ಕಲ್ಲು ಕೂಡಿಸಿದ್ರಾ?" ಎಂದಷ್ಟೇ ಕೇಳಿದರು. ಅವರು ಮತ್ತೆ ಆ ಮೆಟ್ಟಿಲು ಇಳಿಯುತ್ತಾರೆಯೇ ಎಂದು ಡಾಕ್ಟರನ್ನು ಕೇಳಿದೆ. ಈಗಲೇ ಹೇಳಲಾಗದು ಎಂದರು. ನನಗೂ ಗೊತ್ತಿಲ್ಲ.