ನೂರ ಎಪ್ಪತ್ತೊಂದನೇ ಕೀರ್ತನೆ

ಅಲ್ಲ ಮಾವ, ನಿವೃತ್ತಿ ಅಂತ ಯಾರಂದ್ರು? ಸನ್ಮಾನ ಅಂದೆ ನಾನು. ಬರೋ ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಶಾಲು, ಒಂದು ಹಾರ. ಪಾದ್ರಿ ಅಯ್ಯನೋರು ಎರಡು ಮಾತಾಡ್ತಾರೆ... ನಲವತ್ತೊಂದು ವರ್ಷ ಈ ಶಿಕಾರಿಪುರದ ಚರ್ಚಿನ ಸಭೆಗೆ ಹಾಡು ಎತ್ತಿಕೊಟ್ಟ ಹುಚ್ಚರಾಯಪ್ಪನೋರು ಅಂತ. ಅದಕ್ಕೆ ಯಾಕೆ ಮುಖ ಆ ಕಡೆ ಮಾಡ್ತೀರಿ? ...ಆತು, ಆತು. ಶಾಲಿನ ಮಾತು ಬಿಟ್ಟೆ. ನೀವು ಜೋಳ ಬಿಡಿಸ್ರಿ. ನಾನಿಲ್ಲೇ ಜಗಲಿ ಮೇಲೆ ಕೂತ್ಕಂತೀನಿ.

ಉಳವಿ ಶಾಲೆಯಿಂದ ಸೀದಾ ಬಂದೀನಿ. ಸೊರಬದಲ್ಲಿ ಬಸ್ ಬದಲಿಸಿ, ಇಲ್ಲೀ ತನಕ ನಿಂತ್ಕಂಡೇ. ಮನೆಗೂ ಹೋಗಿಲ್ಲ. ಅತ್ತೆ ಒಳಗಿದಾರಾ? ...ಪೇಟೆಗಾ? ಒಳ್ಳೇದಾತು. ಒಳ್ಳೇದಾತು ಅಂದ್ರೆ... ಹಂಗಲ್ಲ. ಮೊನ್ನೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರು. ಮಾತಾಡಿಸಿದೆ. ಕೇಳಿಸ್ಲಿಲ್ಲೋ ಏನೋ, ಹಂಗೇ ಹೋಗಿಬಿಟ್ರು. ರಾಧಮ್ಮತ್ತೆ ಯಾವತ್ತೂ ನನ್ನ ನೋಡಿ ಹಂಗೆ ಹೋದೋರಲ್ಲ.

ಈಗ ಬಂದಿದ್ದು ಈ ಕಾಗದಕ್ಕೆ. ಕ್ರಿಸ್ಮಸ್ ಆರಾಧನೆಯ ಪಟ್ಟಿ. ನಾಳೆ ಸಂಜೆ ಸಮಿತಿ ಕೂರುತ್ತೆ, ಅಷ್ಟರೊಳಗೆ ಮುಗಿಸ್ಬೇಕು. ಓದ್ತೀನಿ, ಕೇಳ್ರಿ. ಮೊದಲು ಆರಂಭದ ಕೀರ್ತನೆ, ಹಾರ್ಮೋನಿಯಂ ಜೊತೆ. ಆಮೇಲೆ ಹುಡುಗರ ಎರಡು ಹಾಡು, ಕೀಬೋರ್ಡು, ಡ್ರಮ್ ಪ್ಯಾಡು. ಆಮೇಲೆ ಅಯ್ಯನೋರ ಪ್ರಸಂಗ. ಕಾಣಿಕೆ ಎತ್ತೋ ಹೊತ್ತಿಗೆ ಮತ್ತೆ ಕೀರ್ತನೆ. ಕೊನೆಗೆ ಎಲ್ರೂ ಎದ್ದು ನಿಂತು ಹುಡುಗರ ಹಾಡು. ಅಂದ್ರೆ ಹಳಬರಿಗೆ ಎರಡು, ಹೊಸಬರಿಗೆ ಮೂರು. ಯಾಕೆ ನಗ್ತೀರಿ? ತಮಾಷೆ ಅಲ್ಲ ಮಾವ ಇದು. ನಾನು ಕಾರ್ಯದರ್ಶಿ ಆದಾಗಿಂದ ಈ ಎರಡು-ಮೂರರ ಜಗಳದಲ್ಲಿ ಬೈಸ್ಕಂಡಿದ್ದೇ ಬಂತು. ಮೂರು ಕೀರ್ತನೆ ಇಟ್ರೆ ಹುಡುಗರು ಮುಖ ಗಂಟು ಹಾಕ್ಕಂತಾರೆ. ಎರಡು ಇಟ್ರೆ ಶೇಷಪ್ಪನೋರು, ಇದು ದೇವರ ಸನ್ನಿಧಿನೋ ಆರ್ಕೆಸ್ಟ್ರಾನೋ ಅಂತ ಎದ್ದು ಹೋಗಿ ಹೊರಗೆ ಹುಣಸೆಮರದ ಕೆಳಗೆ ನಿಲ್ತಾರೆ. ಡ್ರಮ್ಮು ನಿಂತ ಮೇಲೇ ಒಳಗೆ ಬರೋದು. ಕೀರ್ತನೆ ಶುರುವಾದ್ರೆ ಹುಡುಗರು ಮೊಬೈಲ್ ತೆಗೀತಾರೆ. ನಾನು ಮಧ್ಯದಲ್ಲಿ ನಿಂತು ಆ ಕಡೆಗೂ ಹಲ್ಲು ಕಿರೀಬೇಕು, ಈ ಕಡೆಗೂ ಹಲ್ಲು ಕಿರೀಬೇಕು.

ಶಿರಾಳಕೊಪ್ಪ ರೋಡಲ್ಲಿ ಆ ಹೊಸ ಪ್ರಾರ್ಥನಾ ಮಂದಿರ ಆದ ಮೇಲಂತೂ ಮಾತೆತ್ತಿದ್ರೆ ಅಲ್ಲಿಗೆ ಹೋಗ್ತೀವಿ ಅಂತಾರೆ. ಅಲ್ಲಿ ಬರೀ ಹೊಸ ಹಾಡಂತೆ, ಒಂದು ತಾಸು ಚಪ್ಪಾಳೆ ಅಂತೆ. ನಮ್ಮ ನಯನ... ನೋಡ್ರಿ, ನನ್ನ ಮಗಳೇ ಅಂದ್ಲು. ತಾತ ಒಂದು ಸಾಲು ಮುಗಿಸೋದ್ರೊಳಗೆ ಕೀಬೋರ್ಡ್ ಮೇಲೆ ನನ್ನ ಕೈಗೆ ನಿದ್ದೆ ಬರುತ್ತಪ್ಪಾ ಅಂತ. ಕ್ರಿಸ್ಮಸ್ ಮುಗೀಲಿ, ನಾನೂ ಅಲ್ಲಿಗೇ ಅಂತ. ಇಲ್ಲ, ಬೇಜಾರಾಗಬ್ಯಾಡ್ರಿ, ಕೆಟ್ಟ ಹುಡುಗಿ ಅಲ್ಲ. ನಿಮ್ಮ ತೊಡೆ ಮೇಲೆ ಕೂತೇ ಹಾಡು ಕಲಿತೋಳು. ಆದ್ರೆ ಕಾರ್ಯದರ್ಶಿ ಮಗಳೇ ಸಭೆ ಬಿಟ್ಟು ಹೋದ್ರೆ ನಾಳೆ ಯಾರಿಗೆ ಮುಖ ತೋರಿಸ್ಲಿ ನಾನು?

ಇರ್ಲಿ. ಇಲ್ಲಿ, ಆರಂಭದ ಕೀರ್ತನೆ ಅಂತ ಬರೆದು ಮುಂದೆ ಜಾಗ ಖಾಲಿ ಬಿಟ್ಟೀನಿ. ನಿಮ್ಮ ಹೆಸರಿನ ಜಾಗ ಅದು. ಅಲ್ಲಿ ನಿಮ್ಮ ಹೆಸರು ಬರೀಬೇಕೋ, ಶಾಲು ಹೊದಿಸಿ ಕೈ ಮುಗೀಬೇಕೋ, ನಾಳೆ ತೀರ್ಮಾನ. ಅಯ್ಯನೋರು ಆಗ್ಲೇ ಮನಸ್ಸು ಮಾಡಿಬಿಟ್ಟಿದಾರೆ. ಪಾಪ, ವಯಸ್ಸಾತು, ನೆನಪು ಹೋಗಿದೆ, ಇನ್ನು ತೊಂದರೆ ಕೊಡೋದು ಬ್ಯಾಡ ಅಂತ. ನೀವು ಬಂದು ಒಂದು ಮಾತು ಹೇಳಿದ್ರೆ... ನನ್ನ ನೆನಪು ಸರಿಯಾಗೇ ಐತೆ ಅಂತ ಹೇಳಿದ್ರೆ... ಹೇಳ್ತೀರಾ? ಹೇಳೋರಲ್ಲ ನೀವು. ನಂಗೊತ್ತು.

ಈ ಅಯ್ಯನೋರು ಹೊಸದಾಗಿ ಬಂದಾಗ, ಹುಚ್ಚರಾಯಪ್ಪ ಅಂತ ಊರ ಹನುಮಪ್ಪನ ಹೆಸರಿಟ್ಟುಕೊಂಡು ಕೀರ್ತನೆ ಹಾಡ್ತೀರಲ್ಲ, ಸತ್ಯವೇದದ, ಬೈಬಲ್ಲಿನ ಹೆಸರು ಇಟ್ಕಳ್ಳಿ ಅಂದ್ರಲ್ಲ, ನೆನಪೈತಾ? ನಮ್ಮಪ್ಪ ಇಟ್ಟಿದ್ದು, ದೇವರಿಗೆ ಈ ಹೆಸರು ಗೊತ್ತೈತೆ ಅಂದಿದ್ರಿ. ಅವತ್ತು ಹಂಗೆ ಬಾಯಿ ಬಿಟ್ಟೋರು, ಬೆಳೆ ಹಬ್ಬ ಆದ ಮೇಲೆ ಮಾತ್ರ ಅದೇ ಅಯ್ಯನೋರ ಮುಂದೆ ತಲೆ ತಗ್ಗಿಸಿ, ನನ್ನದೇ ತಪ್ಪು, ನೆನಪು ಕೈಕೊಡ್ತು ಅಂದ್ರಿ. ಯಾಕಂದ್ರಿ ಮಾವ? ಮೂರು ವಾರದಿಂದ ನನಗೆ ಅದೇ ಚಿಂತೆ.

ಬೆಳೆ ಹಬ್ಬದ ದಿವಸ ಆಗಿದ್ದರಲ್ಲಿ ನಿಮ್ಮದೊಬ್ಬರದೇ ಏನೂ ಇಲ್ಲ. ಎಲ್ರಿಗೂ ಹಂಗೇ ಹೇಳ್ತಾ ಬಂದೀನಿ. ಅಯ್ಯನೋರು ಸೊರಬದ ಆರಾಧನೆ ಮುಗಿಸಿ ಬೈಕಲ್ಲಿ ಇನ್ನೂ ಬರ್ತಾ ಇದ್ರು. ತಡ ಆಗುತ್ತೆ, ಶುರು ಮಾಡ್ಸಿ ಅಂತ ಫೋನ್ ಮಾಡಿದ್ರು. ಕುಂಬಳಕಾಯಿ, ಭತ್ತದ ಸಿವುಡು, ಜೋಳದ ತೆನೆ ಎಲ್ಲಾ ಪೀಠದ ಮುಂದೆ ಇಟ್ಟಾಗಿತ್ತು. ಗೋಡೆ ಹಲಗೆ ಮೇಲೆ ನೂರ ಅರವತ್ತೊಂದು ಅಂತ ನಂಬರ್ ಹಾಕಿದ್ದೆ. ಬೆಳೆ ಹಬ್ಬದ ಕೀರ್ತನೆ. ನೀವು ಎದ್ದು ನಿಂತ್ರಿ, ನೂರ ಎಪ್ಪತ್ತೊಂದು ಎತ್ತಿದ್ರಿ. ಮಣ್ಣಿನ ಹಾಡು. ಗುಂಡಿಗೆ ಹೆಣ ಇಳಿಸುವಾಗ ಹಾಡೋ ಹಾಡು.

ಅದು... ಕೀಬೋರ್ಡಿಂದ ಆಗಿದ್ದು ಅಂತೀನಿ ನಾನು. ನಯನ ಯಾವುದೋ ಶ್ರುತಿ ಒತ್ತಿರಬೇಕು, ನಿಮಗೆ ಗಲಿಬಿಲಿ ಆಗಿರಬೇಕು. ...ಹೌದು. ಅವಳು ಬಾರಿಸಿದ್ದು ನೀವು ಒಂದು ಸಾಲು ಹಾಡಿದ ಮೇಲೆ. ಹೌದು, ಅದು ಸರಿ. ಹಂಗಾದ್ರೆ ಪುಸ್ತಕದ ತೊಂದರೆ. ಹೊಸ ಮುದ್ರಣದಲ್ಲಿ ನಂಬರೆಲ್ಲ ಹಿಂದೆ ಮುಂದೆ ಮಾಡಿಬಿಟ್ಟಿದಾರೆ... ನಮ್ಮಲ್ಲಿರೋದು ಹಳೇ ಪುಸ್ತಕವೇ ಅಂತೀರಾ. ನೀವೇನೂ ಅಂದಿಲ್ಲ, ನಾನೇ ಅಂದೆ. ಹೌದು, ಹಳೇ ಪುಸ್ತಕವೇ.

ನಿಮಗೆ ಪುಸ್ತಕ ಯಾವುದಾದ್ರೇನು ಮಾವ. ಕಣ್ಣಿನ ವಿಷಯ ನಾನು ಯಾರಿಗೂ ಹೇಳಿಲ್ಲ, ಆಣೆ ಮಾಡಿ ಹೇಳ್ತೀನಿ. ಎರಡು ವರ್ಷ ಆಗುತ್ತೆ, ಶಿವಮೊಗ್ಗದ ಡಾಕ್ಟರು ತಡವಾತು ಅಂದು. ಅತ್ತೆಗೆ, ನಿಮಗೆ, ನನಗೆ ಬಿಟ್ರೆ ಇನ್ನೂ ಯಾರಿಗೂ ಗೊತ್ತಿಲ್ಲ. ಹಲಗೆ ನಿಮಗೆ ಕಾಣಲ್ಲ. ನಾನು ಪಕ್ಕ ಕೂತು ಕಿವೀಲಿ ನಂಬರ್ ಹೇಳ್ತೀನಿ, ನೀವು ಪುಸ್ತಕ ಬಿಚ್ಚಿ ಹಿಡ್ಕಂಡು ಬಾಯಿಪಾಠ ಹಾಡ್ತೀರಿ. ಒಂದ್ಸಲ ಪುಸ್ತಕ ತಲೆಕೆಳಗಾಗಿತ್ತು, ನಾನು ಮೆಲ್ಲಗೆ ತಿರುಗಿಸಿ ಕೊಟ್ಟೆ. ಆರಾಧನೆ ಮುಗಿದ ಮೇಲೆ ಇಬ್ರೂ ಹೊಟ್ಟೆ ಹಿಡ್ಕಂಡು ನಕ್ಕಿದ್ವಿ. ಮುನ್ನೂರು ಚಿಲ್ಲರೆ ಕೀರ್ತನೆ ಮಾವ, ನಂಬರ್ ಹೇಳಿದ್ರೆ ಸಾಕು, ಮೊದಲ ಸಾಲು ನಿಮ್ಮ ನಾಲಿಗೆ ಮೇಲೆ ಇರೋದು.

ಅದಕ್ಕೇ ಎಲ್ರೂ, ಹಲಗೆ ಮೇಲೆ ಅಷ್ಟು ದೊಡ್ಡದಾಗಿ ಅರವತ್ತೊಂದು ಇದ್ದಾಗ ಈ ಮುದುಕ ಎಪ್ಪತ್ತೊಂದು ಹಾಡಿದ್ದಾನೆ ಅಂದ್ರೆ ತಲೆ ಕೆಟ್ಟಿದೆ ಅಂದ್ಕಂಡ್ರು. ಕಣ್ಣಿಲ್ಲ ಅಂತ ನೀವು ಹೇಳಲ್ಲ. ನಾನೂ ಹೇಳಲ್ಲ. ಹಂಗಾಗಿ ತಲೆ ಕೆಟ್ಟಿದೆ ಅಂತಲೇ ಉಳೀತು.

ಕೇಳಿಸ್ಕಳ್ಳೋದ್ರಲ್ಲಿ ವ್ಯತ್ಯಾಸ ಆಗಿರುತ್ತೆ ಮಾವ. ಅಷ್ಟೇ ಆಗಿರೋದು. ಅರವತ್ತೊಂದು, ಎಪ್ಪತ್ತೊಂದು... ಬಾಯಲ್ಲಿ ಹತ್ತಿರ ಹತ್ತಿರಾನೇ ಐತಲ್ಲ? ಹಬ್ಬದ ಗಲಾಟೆ, ಹೆಂಗಸರು ಕುಂಬಳಕಾಯಿ ಜೋಡಿಸ್ತಾ ಮಾತಾಡ್ತಿದ್ರು, ಹುಡುಗರು ಡ್ರಮ್ ಪ್ಯಾಡ್ ತಟ್ಟಿ ನೋಡ್ತಿದ್ರು. ನಾನು ಅರವತ್ತೊಂದು ಅಂದೆ, ನಿಮಗೆ ಎಪ್ಪತ್ತೊಂದು ಅಂತ ಕೇಳಿಸಿರಬೇಕು. ಅಲ್ವಾ? ...ಏನಾದ್ರೂ ಅನ್ರಿ. ಹೌದು ಅಂದ್ರೂ ಸಾಕು. ತಲೆ ಆಡಿಸಿದ್ರೂ ಸಾಕು, ನಾಳೆ ಸಮಿತೀಲಿ ಹಂಗೇ ಹೇಳಿ ಆ ಜಾಗದಲ್ಲಿ ನಿಮ್ಮ ಹೆಸರು ಬರೆದುಬಿಡ್ತೀನಿ. ಕಿವಿ ಸ್ವಲ್ಪ ಮಂದ ಅಂದ್ರೆ ಅವಮಾನ ಏನಿಲ್ಲ. ಕ್ರಿಸ್ಮಸ್ಸಿಗೆ ಮತ್ತೆ ನಿಮ್ಮ ಪಕ್ಕಾನೇ ಕೂತು ಜೋರಾಗಿ ಹೇಳ್ತೀನಿ.

ನಾನೇನು ಅಂದ್ಕಂಡಿದ್ದೆ ಅಂದ್ರೆ... ಅಂದ್ರೆ, ಜನ ಅಷ್ಟು ಮಾಡ್ತಾರೆ ಅಂತ ಅಂದ್ಕಂಡಿರ್ಲಿಲ್ಲ. ಹುಡುಗರು ನಗ್ತಾರೆ, ಅಷ್ಟಕ್ಕೇ ಮುಗಿಯುತ್ತೆ ಅಂತ. ನಿರ್ಮಲಮ್ಮ ಅಲ್ಲಿ ಕೂತಿದಾರೆ ಅನ್ನೋದು ನನ್ನ ತಲೇಲೇ ಇರ್ಲಿಲ್ಲ. ಅವರ ಗಂಡ ಗುತ್ಯಪ್ಪನ್ನ ಮಣ್ಣು ಮಾಡಿ ಇನ್ನೂ ತಿಂಗಳು ಆಗಿರ್ಲಿಲ್ಲ. ನೀವೇ ಗುಂಡಿ ಹತ್ರ ನಿಂತು ಹಾಡಿದ್ದು, ಅದೇ ಹಾಡು. ಮೊದಲ ಸಾಲು ಕಿವಿಗೆ ಬಿದ್ದಿದ್ದೇ ಆ ಹೆಂಗಸು ಭತ್ತದ ಸಿವುಡು ಕೈಯಿಂದ ಬಿಟ್ಟು ಕೂಗಿಕೊಂಡ್ಲು ನೋಡ್ರಿ... ಹುಡುಗರ ನಗುವೂ ನಿಂತ್ಹೋತು. ನೀವು ಮಾತ್ರ ನಿಲ್ಲಿಸ್ಲಿಲ್ಲ. ಎರಡು ಸಾಲು, ಮೂರು ಸಾಲು, ಕಣ್ಣಲ್ಲಿ ನೀರು ಇಳೀತಾ ಇತ್ತು ನಿಮಗೆ. ಶೇಷಪ್ಪನೋರು ಬಂದು ತೋಳು ಹಿಡಿದ ಮೇಲೇ ನಿಲ್ಲಿಸಿದ್ದು. ಆಮೇಲೆ ಬೆಂಚು ತಡಕ್ಕಂಡು ಹೊರಗೆ ಹೋದ್ರಿ. ನಾನು ಬಂದು ಕೈ ಹಿಡೀಬೇಕಿತ್ತು. ಹಿಡೀಲಿಲ್ಲ.

ಮಾರನೇ ದಿವಸ ನೀವು ಅತ್ತೆ ಜೊತೆ ನಿರ್ಮಲಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದ್ರಂತೆ. ಅವರೇ ನನ್ನ ಹತ್ರ ಹೇಳಿಕೊಂಡು ಅತ್ರು. ಅಲ್ಲ ಮಾವ, ನೀವ್ಯಾಕೆ ಹೋಗ್ಬೇಕಿತ್ತು? ಅದರಲ್ಲಿ ನಿಮ್ಮ ತಪ್ಪೇನಿತ್ತು?

...ಯಾಕೆ ಕೈ ನಿಂತೋತು? ನಾನೇನಂದೆ? ನಿಮ್ಮ ತಪ್ಪೇನಿಲ್ಲ ಅಂದೆ. ಸಮಾಧಾನಕ್ಕೆ ಅಂದಿದ್ದು. ಎಲ್ರೂ ಅನ್ನೋ ಮಾತು ಅದು.

ಹಂಗೆ ನೋಡಬ್ಯಾಡ್ರಿ. ಕಾಣಲ್ಲ ಅಂತ ಗೊತ್ತು, ಆದ್ರೂ ನೋಡಬ್ಯಾಡ್ರಿ.

ಬೈದುಬಿಡ್ರಿ ಮಾವ. ಒಂದು ಏಟು ಹಾಕ್ರಿ ಬೇಕಾದ್ರೆ. ಚಿಕ್ಕೋನಿದ್ದಾಗ ರಾಗ ತಪ್ಪಿದ್ರೆ ತೊಡೆ ಚಿವುಟ್ತಿದ್ರಲ್ಲ, ಹಂಗೆ. ನಾನು ಮೂರು ವಾರ ಬರ್ಲಿಲ್ಲ ಯಾಕೆ ಗೊತ್ತಾ? ಪರೀಕ್ಷೆ ಕೆಲಸ ಅಂತ ಅತ್ತೆಗೆ ಹೇಳಿಕಳಿಸಿದ್ದೆ. ಸುಳ್ಳು. ಯಾವ ಪರೀಕ್ಷೇನೂ ಇಲ್ಲ. ಬೀದಿ ತುದೀ ತನಕ ಎರಡು ಸಲ ಬಂದು ವಾಪಸ್ ಹೋದೆ.

ಆತು. ಹೇಳ್ತೀನಿ. ಬೆಳೆ ಹಬ್ಬಕ್ಕೆ ಮುಂಚೆ ನಯನ ಸಭೆ ಬಿಟ್ಟು ಹೋಗ್ತೀನಿ ಅಂದ್ಲಲ್ಲ, ಆಗ ಹೊಳೀತು. ನೀವೇ ಆಗಿ ಬಿಟ್ರೆ ಚೆಂದ ಅಂತ. ಮಾವ, ಇನ್ನು ಸಾಕು ಅಂತ ನಿಮ್ಮ ಮುಖಕ್ಕೆ ಹೇಳೋ ಧೈರ್ಯ ನನಗಿರ್ಲಿಲ್ಲ. ಸಮಿತೀಲೂ ಯಾರಿಗೂ ಇರ್ಲಿಲ್ಲ. ಒಂದು ಸಲ ತಪ್ಪಿದ್ರೆ, ನಾಲ್ಕು ಜನ ನಕ್ಕರೆ, ನೀವೇ ನಾಚಿಕೊಂಡು, ಇನ್ನು ಹುಡುಗರು ಹಾಡ್ಲಿ ಬಿಡ್ರೋ ಅಂತೀರಿ. ಅಷ್ಟೇ ಅಂದ್ಕಂಡಿದ್ದೆ. ನಿಮಗೂ ಮರ್ಯಾದೆ, ನನಗೂ ನಿಷ್ಠುರ ಇಲ್ಲ... ಥೂ. ಬಾಯಲ್ಲಿ ಹೇಳೋಕೆ ಹೊರಟ್ರೆ ಹೆಂಗೆ ಕೇಳಿಸುತ್ತೆ ನೋಡ್ರಿ ಇದು.

ಎಪ್ಪತ್ತೊಂದು ಅಂತಲೇ ಹೇಳಿದೆ ನಾನು. ನಿಮ್ಮ ಕಿವಿ ಸರಿಯಾಗೇ ಐತೆ.

ಹೇಳಿದೆನಲ್ಲ ಮಾವ. ಇನ್ನೇನು? ಇನ್ನೂ ಯಾಕೆ ಹಂಗೇ ಕೂತಿದೀರಿ? ತಪ್ಪಾತು ಅಂತ ಒಪ್ಪಿಕೊಂಡೆ, ನಾಳೆ ಸಮಿತೀಲೂ ಹೇಳ್ತೀನಿ, ಕಾರ್ಯದರ್ಶಿ ಕೆಲಸಾನೂ ಬಿಡ್ತೀನಿ. ಇನ್ನೇನು ಹೇಳ್ಬೇಕು ನಾನು?

...ಮುಂಗೈ ಯಾಕೆ ಹಿಡ್ಕಂಡ್ರಿ, ಅವತ್ತಿನ ಹಂಗೇ? ನೆನಪೈತಾ ನಿಮಗೆ? ಅದು ನಿಮಗೆ ನೆನಪಿಲ್ಲ ಅಂದ್ಕಂಡಿದ್ದೆ. ದೇವರೇ, ನೆನಪಿಲ್ದೇ ಇರ್ಲಿ ಅಂತ ಬಸ್ಸಲ್ಲಿ ಉದ್ದಕ್ಕೂ ಬೇಡಿಕೊಂಡು ಬಂದೆ.

ಹೌದು. ನೀವು ತಕ್ಷಣ ಹಾಡ್ಲಿಲ್ಲ. ಮುನ್ನೂರು ಕೀರ್ತನೆ ನಾಲಿಗೆ ಮೇಲಿರೋರಿಗೆ ಮಣ್ಣಿನ ಹಾಡು ಗೊತ್ತಾಗಲ್ವಾ? ಪುಸ್ತಕ ಮುಚ್ಚಿದ್ರಿ. ನನ್ನ ಮುಂಗೈ ಹಿಡ್ಕಂಡ್ರಿ, ಕೈ ತಣ್ಣಗಿತ್ತು ನಿಮ್ಮದು. ‘ಮಾಳೇಶ, ಯಾರೋ ಹೋದೋರು?’ ಅಂತ ಕೇಳಿದ್ರಿ. ಸಭೆಯೋರಲ್ಲೇ ಯಾರೋ ಬೆಳಿಗ್ಗೆ ತೀರಿಕೊಂಡಿದಾರೆ, ಅದಕ್ಕೇ ಹಾಡು ಬದಲಾಗಿದೆ ಅಂದ್ಕಂಡ್ರಿ ನೀವು. ನಾನು ಹೇಳಿದ್ದು ಸುಳ್ಳಿರಬಹುದು ಅಂತ ನಿಮ್ಮ ತಲೆಗೇ ಬರ್ಲಿಲ್ಲ. ಆಗ ಹೇಳಬಹುದಿತ್ತು. ಬಾಯಿ ತಪ್ಪಿ ಬಂತು ಮಾವ, ಅರವತ್ತೊಂದು ಅನ್ನಬಹುದಿತ್ತು. ನಾನು, ‘ಹಾಡ್ರಿ ಮಾವ, ಆಮೇಲೆ ಹೇಳ್ತೀನಿ’ ಅಂದೆ.

ಅದಕ್ಕೇ ಕಣ್ಣಲ್ಲಿ ನೀರು ಬಂದಿದ್ದು ನಿಮಗೆ. ಅದಕ್ಕೇ ನಿರ್ಮಲಮ್ಮ ಕೂಗಿಕೊಂಡಾಗಲೂ ನಿಲ್ಲಿಸ್ಲಿಲ್ಲ. ಅವರ ಮನೇಲೇ ಇನ್ನೊಂದು ಸಾವಾಗಿದೆ ಅಂದ್ಕಂಡು ಹಾಡ್ತಾ ಇದ್ರಿ.

ಆಮೇಲೆ ಹೇಳ್ತೀನಿ ಅಂದಿದ್ದೆ. ಹೇಳ್ತಿದೀನಿ ಮಾವ. ಅವತ್ತು ಯಾರೂ ಸತ್ತಿರ್ಲಿಲ್ಲ.